ನಮ್ಮ ಕೂರಿಗೆ, ನಮ್ಮ ಮಾಳಿಗೆ: ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ

(ರಾಯಚೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕೋಟೆಯಿಂದಲೇ ಶುರು ಮಾಡುತ್ತೇನೆ. ಅದರ ಪಶ್ಚಿಮದ ಗೋಡೆಯಲ್ಲಿ 41 ಅಡಿಗಿಂತ ಉದ್ದದ ಒಂದೇ ಒಂದು ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ ಇದೆ, ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ ವಿಷಯ ಹೇಳುತ್ತದೆ. ಇತಿಹಾಸದವರು ಬಂದರೆ ಶಾಸನ ಓದುತ್ತಾರೆ. ನಾನು ಹೋದಾಗಲೆಲ್ಲ ನೋಡುವುದು ಅಲ್ಲೇ ಹತ್ತಿರ ಕೊರೆದಿರುವ ಚಿತ್ರವನ್ನು. ಗಟ್ಟಿ ಚಕ್ರದ ಒಂದು ಬಂಡಿ, ಬಂಡಿ ಮೇಲೆ ಆ ಉದ್ದನೆ ಕಲ್ಲು, ಮುಂದೆ ಕೋಣಗಳ ದೊಡ್ಡ ಸಾಲು, ಸಾಲಿನ ನಡುನಡುವೆ ಅವುಗಳನ್ನು ಹೊಡೆಯುವ ಆಳುಗಳು, ಚಕ್ರಕ್ಕೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಜನ. ಇಷ್ಟು ದೊಡ್ಡ ಕಲ್ಲನ್ನು ಹೆಂಗೆ ತಂದರಪ್ಪಾ ಅಂತ ನೋಡಿದವರು ಕೇಳುತ್ತಾರೆ ಅನ್ನುವುದು ಆ ಶಿಲ್ಪಿಗೆ ಮೊದಲೇ ಹೊಳೆದಿತ್ತು. ಏಳುನೂರು ವರ್ಷ ದಾಟಿದೆ. ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಕೊಡುತ್ತಿರುವುದು ಆ ಚಿತ್ರವೇ.

ಆ ಚಿತ್ರದಲ್ಲಿ ಅಂದ ಚಂದಕ್ಕಿಂತ ತಿಳಿವಳಿಕೆ ಜಾಸ್ತಿ ಇದೆ. ಬಂಡಿ ಹೆಂಗೆ ನಡೆಯುತ್ತದೆ, ಭಾರ ಎಲ್ಲಿ ಕೂರುತ್ತದೆ, ಎಲ್ಲಿ ಮೀಟಿದರೆ ಚಕ್ರ ಏಳುತ್ತದೆ ಅಂತ ಗೊತ್ತಿದ್ದವನು ಮಾತ್ರ ಅದನ್ನು ಕೊರೆಯಬಲ್ಲ. ಪುಸ್ತಕಕ್ಕೆ, ಪತ್ರಿಕೆಗೆ, ಪೋಸ್ಟರ್‌ಗೆ ಚಿತ್ರ ಬರೆಯುವ ನಮ್ಮ ಕೆಲಸವೂ ಇದೇ ಅಂತ ನಾನು ನಂಬಿದ್ದೇನೆ. ಮೊದಲು ನಾವು ತಿಳಿದುಕೊಳ್ಳಬೇಕು. ಆಮೇಲೆ ಇನ್ನೊಬ್ಬರಿಗೆ ತಿಳಿಯುವಂತೆ ಗೆರೆ ಎಳೆಯಬೇಕು. ಇವತ್ತು ನಾನು ಏನೇ ಹೇಳಿದರೂ ಈ ಮಾತಿನ ಸುತ್ತಲೇ ಇರುತ್ತದೆ.

ನಾನು ಈ ಕೆಲಸಕ್ಕೆ ಬಂದ ದಾರಿ ನಿಮ್ಮಲ್ಲಿ ತುಂಬಾ ಜನರ ದಾರಿಯ ಹಾಗೇ ಇದೆ. ಶಾಲೆಯಲ್ಲಿ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದೆ. ಮನೆಯಲ್ಲಿ ಹಳೇ ಚಂದಮಾಮ ಸಂಚಿಕೆಗಳ ಕಟ್ಟು ಇತ್ತು. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ನೋಡಿ ನೋಡಿ, ಭೀಮನ ಗದೆ ಹಿಡಿದ ಕೈಯ ಬೆರಳುಗಳನ್ನು ನಕಲು ಮಾಡುತ್ತಾ ಕೂರುತ್ತಿದ್ದೆ. ಆದರೆ ನಿಜವಾದ ಪಾಠ ಆಗಿದ್ದು ನಮ್ಮೂರ ತೀನ್ ಕಂದೀಲ್ ಹತ್ತಿರದ ಒಬ್ಬ ಬೋರ್ಡ್ ಪೇಂಟರ್ ಅಂಗಡಿಯಲ್ಲಿ. ಆಗಿನ್ನೂ ಫ್ಲೆಕ್ಸ್ ಬಂದಿರಲಿಲ್ಲ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಲಾರಿಯ ಹಿಂಬದಿ, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದರು. ದಾರಕ್ಕೆ ಸೀಮೆಸುಣ್ಣದ ಪುಡಿ ಬಳಿದು, ಎರಡೂ ತುದಿ ಬಿಗಿ ಹಿಡಿದು, ನಡುವೆ ಚಿಮ್ಮಿ ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಮೂಡುತ್ತಿತ್ತು. ಆ ಗೆರೆ ಮೇಲೆ ಅಕ್ಷರ ಕೂರಿಸುತ್ತಿದ್ದರು.

ಆ ಪೇಂಟರ್ ಒಂದು ಕೆಲಸ ತಪ್ಪದೇ ಮಾಡುತ್ತಿದ್ದರು. ಅರ್ಧ ಬರೆದ ಮೇಲೆ ಎದ್ದು ರಸ್ತೆ ದಾಟಿ ಆಚೆ ಬದಿ ನಿಂತು ಬೋರ್ಡ್ ನೋಡುತ್ತಿದ್ದರು. "ಓದೋನು ಅಲ್ಲಿರ್ತಾನ" ಅನ್ನುತ್ತಿದ್ದರು. ಅಷ್ಟೇ. ಇವತ್ತು ನಾನು ಟ್ಯಾಬ್ಲೆಟ್ ಮೇಲೆ ಬರೆಯುತ್ತಿದ್ದರೂ, ಚಿತ್ರವನ್ನು ಅಂಗೈಯಷ್ಟು ಸಣ್ಣದು ಮಾಡಿ ಒಂದು ಸಲ ನೋಡದೆ ಮುಂದೆ ಹೋಗುವುದಿಲ್ಲ. ಫ್ಲೆಕ್ಸ್ ಬಂದ ಮೇಲೆ ಅಂಥ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಅವರ ಜೊತೆ ಎಷ್ಟು ವಿದ್ಯೆ ಹೋಯಿತು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಬೀದಿಯಲ್ಲಿ ಬ್ರಷ್ ಹಿಡಿಯುವ ಹಳೇ ಪೇಂಟರ್ ಯಾರಾದರೂ ಇನ್ನೂ ಇದ್ದರೆ, ದಯವಿಟ್ಟು ಹೋಗಿ ಅವರ ಪಕ್ಕ ಕೂರಿ.

ಈಗ ಮಾಳಿಗೆ ವಿಷಯಕ್ಕೆ ಬರುತ್ತೇನೆ. ಮಕ್ಕಳ ಪುಸ್ತಕದಲ್ಲಿ "ಹಳ್ಳಿಯ ಮನೆ" ಅಂತ ಇದ್ದರೆ ಚಿತ್ರದಲ್ಲಿ ಏನಿರುತ್ತದೆ ನೋಡಿದ್ದೀರಾ? ಇಳಿಜಾರು ಹೆಂಚಿನ ಮಾಡು, ಪಕ್ಕದಲ್ಲಿ ಎರಡು ತೆಂಗಿನ ಮರ, ಹಿಂದೆ ಹಸಿರು ಗುಡ್ಡ. ಮಲೆನಾಡಿನ ಮಗುವಿಗೆ ಅದು ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ನೀರು ಜಾರಿ ಹೋಗಲೇಬೇಕು. ನಮ್ಮಲ್ಲಿ ಅದರ ಹತ್ತನೇ ಒಂದು ಭಾಗ ಬಿದ್ದರೆ ಒಳ್ಳೇ ವರ್ಷ. ಅದಕ್ಕೇ ನಮ್ಮ ಮನೆಗಳಿಗೆ ಸಪಾಟು ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ಬಿಸಿಲು 40 ಡಿಗ್ರಿ ದಾಟಿದರೂ ಒಳಗೆ ತಂಪು. ಮಾಳಿಗೆ ನಡುವೆ ಒಂದು ಬೆಳಕಿಂಡಿ, ಅದರಿಂದ ಒಳಗೆ ಇಳಿಯುವ ಬಿಸಿಲಿನ ಕೋಲು, ಅದರಲ್ಲಿ ತೇಲುವ ಧೂಳು. ಇದನ್ನು ನೋಡಿ ಬೆಳೆದವರು ಈ ಕೋಣೆಯಲ್ಲೇ ಎಷ್ಟು ಜನ ಇದ್ದೀರಿ, ಆದರೆ ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೀರಿ?

ಒಂದು ಕಥೆಗೆ ಚಿತ್ರ ಬರೆಯಲು ಬಂದಿತ್ತು. ಬೇಸಿಗೆ ರಾತ್ರಿ ಹುಡುಗ ಅಜ್ಜಿಯ ಜೊತೆ ಮೇಲೆ ಮಲಗಿ ಚುಕ್ಕಿ ಎಣಿಸುತ್ತಾನೆ. ನನ್ನ ಕೈಗೆ ಬರುವ ಮೊದಲು ಬೇರೆಯವರು ಮಾಡಿದ ಒಂದು ಕರಡು ಇತ್ತು. ಅದರಲ್ಲಿ ಅಜ್ಜಿ ಮೊಮ್ಮಗ ಇಬ್ಬರೂ ಹೆಂಚಿನ ಇಳಿಜಾರಿನ ಮೇಲೆ ಮಲಗಿದ್ದರು! ಬರೆದವರ ಕೈ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಮಾಳಿಗೆ ಮೇಲೆ ಮಲಗುವುದು ಅಂದರೇನು ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ. ನಾನು ಬರೆದಾಗ ಮಾಳಿಗೆ ಅಂಚಿನ ಗಿಡ್ಡ ಗೋಡೆ ಹಾಕಿದೆ, ಮೂಲೆಯಲ್ಲಿ ಹಗಲು ಒಣಹಾಕಿದ ಮೆಣಸಿನಕಾಯಿಯ ರಾಶಿ, ಅದರ ಮೇಲೆ ಚೀಲ ಮುಚ್ಚಿದ್ದು, ತಲೆ ಹತ್ತಿರ ತಂಬಿಗೆ. ದೂರದಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳ ಕೆಂಪು ದೀಪ. ಈ ಭಾಗದ ಮಕ್ಕಳಿಗೆ ರಾತ್ರಿಯ ಆಕಾಶ ಅಂದರೆ ಆ ದೀಪಗಳೂ ಸೇರಿಯೇ ಅಲ್ವಾ?

ಎತ್ತಿನದೂ ಇದೇ ಕಥೆ. ಕಪ್ಪು ಬಿಳಿ ಮಚ್ಚೆಯ ಸೀಮೆಹಸು ಎಲ್ಲ ಪುಸ್ತಕದಲ್ಲೂ ನಿಂತಿರುತ್ತದೆ. ನಮ್ಮ ಕಡೆ ಕಾಣುವ ಖಿಲಾರಿ ಎತ್ತಿನ ಕೊಂಬು ಹಿಂದಕ್ಕೆ ಬಾಗಿ, ಮೇಲೆದ್ದು, ತುದಿ ಚೂಪಾಗುತ್ತದೆ. ಬೆನ್ನ ಮೇಲೆ ಡುಬ್ಬ ಇರುತ್ತದೆ, ನೊಗ ಕೂರುವುದೇ ಆ ಡುಬ್ಬದ ಮುಂದೆ. ಡುಬ್ಬ ಇಲ್ಲದ ಎತ್ತಿಗೆ ನೊಗ ಹೂಡಿದ ಚಿತ್ರ ನೋಡಿದರೆ ಯಾವ ರೈತನೂ ನಗುತ್ತಾನೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿಗೆ ಹೋಗಿ ಬನ್ನಿ. ಸಾವಿರಾರು ವರ್ಷದ ಹಿಂದೆ, ನವಶಿಲಾಯುಗದ ಜನ ಕರೀ ಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ದನಗಳಿವೆ. ಉದ್ದ ಕೊಂಬು, ಎದ್ದು ಕಾಣುವ ಡುಬ್ಬ. ಅವರು ದಿನಾ ದನ ಮೇಯಿಸುತ್ತಿದ್ದವರು. ಅದಕ್ಕೇ ನಾಲ್ಕೇ ಗೆರೆಯಲ್ಲಿ ಪ್ರಾಣಿ ಎದ್ದು ನಿಂತಿದೆ.

ನಾನು ಕೆಲಸ ಮಾಡುವುದು ಹೇಗೆ ಅಂತ ಕೇಳಿದ್ದಿರಿ. ಒಂದೇ ಒಂದು ಚಿತ್ರ ತೆಗೆದುಕೊಂಡು ಹೇಳುತ್ತೇನೆ. ಎತ್ತು ಎಳೆಯುವ ಕೂರಿಗೆಯಿಂದ ಹಿಂಗಾರಿ ಜೋಳ ಬಿತ್ತುವ ಚಿತ್ರ. ಕಥೆಯಲ್ಲಿ ಇದ್ದದ್ದು ಒಂದೇ ಸಾಲು: "ಅವ್ವ ಕೂರಿಗೆ ಹಿಂದೆ ಬೀಜ ಬಿಡುತ್ತಾ ನಡೆದಳು." ಮೊದಲು ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಆ ಸಾಲಿನಲ್ಲಿ ನನಗೆ ಗೊತ್ತಿಲ್ಲದ್ದು ಏನೇನಿದೆ ಅಂತ ಬರೆದುಕೊಳ್ಳುತ್ತೇನೆ. ಕೂರಿಗೆಗೆ ಎಷ್ಟು ತಾಳು? ಬೀಜ ಯಾವ ಕೈಯಲ್ಲಿ? ಎತ್ತು ಹೊಡೆಯುವವರು ಎಲ್ಲಿ ನಡೆಯುತ್ತಾರೆ? ಆ ಹೊತ್ತಿಗೆ ಹೊಲದ ಬಣ್ಣ ಏನು? ಆಮೇಲೆ ನೋಡಲು ಹೋಗುತ್ತೇನೆ. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ, ಎತ್ತಿನ ಕೂರಿಗೆ ಕಡಿಮೆ ಆಗಿದೆ, ಆದರೆ ಹುಡುಕಿದರೆ ಸಿಗುತ್ತದೆ. ಬಿತ್ತನೆ ನಡೆಯುತ್ತಿರಬೇಕು ಅಂತೇನೂ ಇಲ್ಲ, ಮನೆ ಅಟ್ಟದಲ್ಲಿ ಇಟ್ಟಿದ್ದರೂ ಇಳಿಸಿ ತೋರಿಸುತ್ತಾರೆ.

ಕೂರಿಗೆ ನೋಡಿ. ಕೆಳಗೆ ಅಡ್ಡ ಒಂದು ದಿಂಡು. ದಿಂಡಿಗೆ ಮೂರೋ ನಾಲ್ಕೋ ತಾಳು, ನೆಲ ಸೀಳುವುದು ಅವೇ. ಮೇಲೆ ಮರದ ಬಟ್ಟಲು. ಬಟ್ಟಲಿನ ತಳದಲ್ಲಿ ತಾಳಿಗೊಂದರಂತೆ ತೂತು, ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಹೊರಟು, ಕೆಳಗೆ ಹೋಗ್ತಾ ಹೋಗ್ತಾ ಅಗಲವಾಗಿ ಬಿಚ್ಚಿಕೊಂಡು ತಾಳಿನ ಹಿಂದೆ ಮುಗಿಯುತ್ತದೆ. ತಾಳು ಸೀಳಿದ ಗೆರೆಯಲ್ಲೇ ಬೀಜ ಬೀಳಬೇಕು, ಅದಕ್ಕೆ ಕೊಳವೆ ಹಾಗೆ ಓರೆ. ಇದು ಅರ್ಥ ಆಯಿತು ಅಂದರೆ ಕೂರಿಗೆಯನ್ನು ಯಾವ ಕೋನದಿಂದ ಬೇಕಾದರೂ ಬರೆಯಬಹುದು. ಫೋಟೋ ನೋಡಿ ಬರೆದರೆ ಆ ಫೋಟೋದ ಕೋನ ಒಂದೇ ಬರುತ್ತದೆ.

ಇನ್ನು ಬೀಜ ಬಿಡುವ ಹೆಂಗಸು. ಬೀಜ ಅವಳ ಉಡಿಯಲ್ಲಿ ಇರುತ್ತದೆ. ಹಿಡಿ ತುಂಬಿಕೊಂಡು, ಮುಷ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು, ಬೆರಳ ಸಂದಿಯಿಂದ ಒಂದೇ ಸಮ ಬಿಡುತ್ತಾಳೆ. ಒಂದು ತೂತಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದರೆ ಒಂದು ಸಾಲು ದಟ್ಟ, ಒಂದು ಸಾಲು ತೆಳು ಆಗುತ್ತದೆ. ಹಾಗಾಗಿ ಅವಳ ಕಣ್ಣು ಬಟ್ಟಲಿನ ಮೇಲಿರುತ್ತದೆ. ಕಾಲು ತಾನಾಗಿ ಉಳುಮೆಯ ಮಣ್ಣಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ನನ್ನ ಚಿತ್ರ ನಿಂತಿದ್ದೇ ಇದರ ಮೇಲೆ. ಅವಳು ಓದುಗರ ಕಡೆ ನೋಡಿ ನಗುತ್ತಿಲ್ಲ, ಆಕಾಶ ನೋಡುತ್ತಿಲ್ಲ. ತಲೆ ಸ್ವಲ್ಪ ಬಗ್ಗಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮುಷ್ಟಿಯ ಮೇಲೆ ಅವಳ ಪೂರಾ ಗಮನ. ಪುಸ್ತಕ ಬಂದ ಮೇಲೆ ಒಬ್ಬ ಅಜ್ಜಿ ಆ ಪುಟದ ಮೇಲೆ ಬೆರಳಿಟ್ಟು, "ಇಕಿಗೆ ಬಿತ್ತಾಕ ಬರ್ತದ ನೋಡು" ಅಂದರು. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ.

ಬಣ್ಣದ ಬಗ್ಗೆ ಒಂದು ಮಾತು. ಎರೆ ಭೂಮಿ ಅಂದ ತಕ್ಷಣ ಕಪ್ಪು ಬಣ್ಣ ತೆಗೆಯಬೇಡಿ. ಒಣಗಿದಾಗ ಅದು ಬೂದಿ ಕಂದು, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಬಿರುಕಿನ ಒಳಗೆ ಮಾತ್ರ ಗಾಢ. ಮಳೆ ಬಿದ್ದ ಮೇಲೆ ಕಪ್ಪು, ಅದೂ ಸ್ವಲ್ಪ ನೀಲಿ ಬೆರೆತ ಕಪ್ಪು. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಬಣ್ಣವೂ ಬಿಳಚಿಕೊಳ್ಳುತ್ತದೆ, ನೆರಳು ಕಾಲಡಿಗೆ ಸೇರುತ್ತದೆ. ನಾನು ಸ್ಕೆಚ್ ಪುಸ್ತಕದಲ್ಲಿ ಚಿತ್ರಕ್ಕಿಂತ ಜಾಸ್ತಿ ಇಂಥ ಟಿಪ್ಪಣಿ ಬರೆಯುತ್ತೇನೆ. ಫೋನಿನ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದ ಹಾಗೆ ಏರಿಸುತ್ತದೆ, ಅದನ್ನು ನಂಬಬೇಡಿ.

ಆಮೇಲೆ ಸಣ್ಣ ಸಣ್ಣ ಕರಡು. ಒಂದು ಎ4 ಹಾಳೆಯಲ್ಲಿ ಇಡೀ ಪುಸ್ತಕದ ಪುಟಗಳನ್ನು ಅಂಚೆ ಚೀಟಿಯಷ್ಟು ಸಣ್ಣ ಚೌಕಗಳಲ್ಲಿ ಹಾಕುತ್ತೇನೆ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 16, 24, 32 ಪುಟ ಇರುತ್ತದಲ್ಲ, ಅದು ಯಾರದೋ ಇಷ್ಟದ ಲೆಕ್ಕ ಅಲ್ಲ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಚಿದರೆ 8 ಅಥವಾ 16 ಪುಟ ಆಗುತ್ತದೆ, ಪ್ರೆಸ್ಸಿನವರು ಅದನ್ನು ಒಂದು ಫಾರಂ ಅನ್ನುತ್ತಾರೆ. ಫಾರಂ ಲೆಕ್ಕದಲ್ಲೇ ಪುಸ್ತಕ ಕೂರಬೇಕು. ಎರಡು ಪುಟಕ್ಕೂ ಹರಡುವ ಚಿತ್ರ ಮಾಡಿದರೆ ನಡುವಿನ ಮಡಿಕೆಯಲ್ಲಿ ಮುಖ, ಕೈ ಬರದ ಹಾಗೆ ನೋಡಿಕೊಳ್ಳಿ. ಅಂಚಿನಲ್ಲಿ ಕತ್ತರಿಸಲು 3 ಮಿಲಿಮೀಟರ್ ಹೆಚ್ಚಿಗೆ ಬಣ್ಣ ಬಿಡಿ.

ಕನ್ನಡಕ್ಕೆ ಬರೆಯುವವರು ಒಂದು ವಿಷಯ ಗಮನಿಸಲೇಬೇಕು, ಇದನ್ನು ಯಾವ ಟ್ಯುಟೋರಿಯಲ್‌ನಲ್ಲೂ ಹೇಳುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಸಾಲಿನ ನಡುವೆ ಜಾಗ ಜಾಸ್ತಿ ಬೇಕು. ಇಂಗ್ಲಿಷ್ ಪಠ್ಯ ಇಟ್ಟು ಅಳೆದ ಜಾಗದಲ್ಲಿ ಕನ್ನಡ ಕೂರದೆ ಹೋಗಬಹುದು. ಅದಕ್ಕೆ ಚಿತ್ರದಲ್ಲಿ ಖಾಲಿ ಆಕಾಶವೋ, ಗೋಡೆಯೋ, ಹೊಲವೋ, ಏನಾದರೂ ಧಾರಾಳವಾಗಿ ಬಿಡಿ. ಅಕ್ಷರವನ್ನು ಬರೀ ಕಪ್ಪು ಶಾಯಿಯಲ್ಲೇ ಅಚ್ಚು ಹಾಕಿಸಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ, ಅಚ್ಚಿನಲ್ಲಿ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸಣ್ಣ ಸುರುಳಿ ಮಸುಕಾಗುತ್ತದೆ. ಅಕ್ಷರ ಬೇರೆ ಲೇಯರ್‌ನಲ್ಲಿ, ಬರೀ ಕಪ್ಪಲ್ಲಿ ಇದ್ದರೆ ಇನ್ನೊಂದು ಲಾಭ ಇದೆ. ಅದೇ ಪುಸ್ತಕ ತೆಲುಗಿಗೆ ಹೋಗುವಾಗ ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕು. ನಮ್ಮ ಜಿಲ್ಲೆಯಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆಯ ಮಕ್ಕಳು ಆಡುತ್ತಾರೆ. ಅವರಿಗೆಲ್ಲ ಒಂದೇ ಪುಸ್ತಕ ಅವರವರ ಮಾತಲ್ಲಿ ಸಿಗಬೇಕು ಅನ್ನುವುದು ನನ್ನ ಆಸೆ.

ಉಪಕರಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದೇ ಇದನ್ನು. ಐಪ್ಯಾಡ್ ಇಲ್ಲ ಅಂತ ನಿಲ್ಲಬೇಡಿ. ಪರದೆ ಇಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್, ಹಳೇ ಕಂಪ್ಯೂಟರ್, ಅದರಲ್ಲಿ ಕ್ರಿತಾ ಅನ್ನುವ ಉಚಿತ ಸಾಫ್ಟ್‌ವೇರ್ ಇದ್ದರೆ ಪುಸ್ತಕದ ಕೆಲಸ ಆಗುತ್ತದೆ. 300 ಡಿಪಿಐಯಲ್ಲಿ, ಅಂದರೆ ಒಂದು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಕೆಲಸ ಮಾಡಿ, ಎ4 ಪುಟ ಅಂದರೆ 2480 × 3508 ಪಿಕ್ಸೆಲ್. ಪರದೆಯ ಮೇಲೆ ಹೊಳೆಯುವ ಕಿತ್ತಳೆ, ನೀಲಿ ಬಣ್ಣಗಳು ಸಿಎಂವೈಕೆ ಅನ್ನುವ ನಾಲ್ಕು ಶಾಯಿಯ ಅಚ್ಚಿನಲ್ಲಿ ಮಂಕಾಗುತ್ತವೆ, ಮೊದಲೇ ಒಂದು ಪ್ರೂಫ್ ತೆಗೆದು ನೋಡಿ. ಕರಡು ಮಾತ್ರ ನಾನು ಈಗಲೂ ಕಾಗದದ ಮೇಲೇ ಮಾಡುತ್ತೇನೆ. ಅಳಿಸಲು ಸುಲಭ ಇಲ್ಲದ ಕಡೆ ಕೈ ಹೆಚ್ಚು ಯೋಚನೆ ಮಾಡುತ್ತದೆ.

ಇದಕ್ಕಿಂತ ದೊಡ್ಡ ಪಾಠ ನಮ್ಮ ತೊಗಲುಗೊಂಬೆಯಲ್ಲಿದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ಅವರ ವಯಸ್ಸಿನ ಬಗ್ಗೆಯೇ ಬರೆದವು. ನಾನು ನಿಮಗೆ ಹೇಳುವುದು, ಆ ಗೊಂಬೆಗಳನ್ನು ನೋಡಿ ಅಂತ. ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡುತ್ತಾರೆ, ಬಣ್ಣ ಹಾಕುತ್ತಾರೆ, ಸಣ್ಣ ಉಳಿಯಿಂದ ತೂತು ಹೊಡೆಯುತ್ತಾರೆ. ಆ ತೂತಿನಿಂದ ಬರುವ ಬೆಳಕೇ ಒಡವೆಯ ಹೊಳಪು, ಸೀರೆಯ ಚುಕ್ಕಿ, ಕಿರೀಟದ ರತ್ನ. ಬಣ್ಣದಲ್ಲಿ ಬಿಳಿ ಬಳಿಯಬೇಕಾಗಿಯೇ ಇಲ್ಲ. ಮುಖ ಪಕ್ಕಕ್ಕೆ ತಿರುಗಿರುತ್ತದೆ, ಮೂಗು, ಗಲ್ಲ, ಹೊಟ್ಟೆ, ಕಿರೀಟ ಎಲ್ಲ ಹೊರಗೆರೆಯಲ್ಲೇ ಗೊತ್ತಾಗಬೇಕು. ಪರದೆ ಹಿಂದೆ ದೀಪ ಅಲ್ಲಾಡಿದರೂ ರಾವಣ ಯಾರು, ಹನುಮಂತ ಯಾರು ಅಂತ ಕೊನೇ ಸಾಲಿನ ಮಗುವಿಗೂ ತಿಳಿಯಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲುಗೊಂಬೆಯಲ್ಲಿ ಗಾಂಧೀಜಿಯ ಕಥೆಯನ್ನೂ ಆಡಿಸಿದರು. ಯೋಚನೆ ಮಾಡಿ, ಕಿರೀಟ ಇಲ್ಲ, ಗದೆ ಇಲ್ಲ, ಒಡವೆ ಇಲ್ಲ. ಒಂದು ಕೋಲು, ಒಂದು ಕನ್ನಡಕ, ಬಗ್ಗಿದ ಬೆನ್ನು, ಮೊಣಕಾಲಿನವರೆಗಿನ ಪಂಚೆ. ಅಷ್ಟರಲ್ಲಿ ಮನುಷ್ಯ ಬರಬೇಕು.

ಇದನ್ನು ನಾನು ದಿನಾ ಬಳಸುತ್ತೇನೆ. ಪಾತ್ರ ಬರೆದ ಮೇಲೆ ಪೂರಾ ಕಪ್ಪು ತುಂಬಿ ಬರೀ ನೆರಳು ಮಾಡಿ ನೋಡುತ್ತೇನೆ. ನೆರಳಲ್ಲೇ ಇವಳು ಅಜ್ಜಿ, ಇವನು ತುಂಟ, ಇದು ನಾಯಿ ಅಂತ ಗೊತ್ತಾಗದಿದ್ದರೆ ಒಳಗೆ ಎಷ್ಟು ಕಣ್ಣು ಮೂಗು ಬರೆದರೂ ಪ್ರಯೋಜನ ಇಲ್ಲ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿಯನ್ನೂ ಹೀಗೇ ನೋಡಿ. ಕುತ್ತಿಗೆ ಮೇಲೆತ್ತಿ ನಿಂತವರಿಗೆ ಅಷ್ಟು ಕೆಳಗಿನಿಂದ ಗಿರಿಜಾ ಕಲ್ಯಾಣವೂ ತಿಳಿಯುತ್ತದೆ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯೂ ತಿಳಿಯುತ್ತದೆ. ಹೊರಗೆರೆ ಅಷ್ಟು ಗಟ್ಟಿ. ಕಿನ್ನಾಳಕ್ಕೆ ಹೋಗುವುದು ನಿಮಗೆ ಕಷ್ಟ ಅಲ್ಲ, ಕೊಪ್ಪಳದಿಂದ ಹತ್ತಿರವೇ. ಹಗುರ ಮರದ ಗೊಂಬೆಯ ಮೇಲೆ ಹುಣಸೆಬೀಜದ ಅಂಟು ಬಳಿದು ಹದ ಮಾಡುವ ಚಿತ್ರಗಾರರ ಮನೆಗಳಲ್ಲಿ ಅರ್ಧ ದಿನ ಕೂತು ಬಂದರೆ, ಬಣ್ಣಕ್ಕಿಂತ ಮೊದಲು ಮೈ ತಯಾರಿ ಎಷ್ಟಿರುತ್ತದೆ ಅಂತ ಗೊತ್ತಾಗುತ್ತದೆ.

ಈಗ ದುಡ್ಡಿನ ಮಾತು. ಇದನ್ನು ಕಲಾ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ನಾನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಒಬ್ಬರು ನನ್ನಿಂದ ಪುಸ್ತಕದ ಮುಖಪುಟ ಬರೆಸಿಕೊಂಡರು. ಮುಂದಿನ ವರ್ಷ ಅದೇ ಚಿತ್ರ ಕ್ಯಾಲೆಂಡರ್ ಮೇಲೆ ಬಂತು, ಆಮೇಲೆ ಕೈಚೀಲದ ಮೇಲೆ. ನನ್ನ ಹೆಸರು ಎಲ್ಲೂ ಇಲ್ಲ, ಒಂದು ಫೋನ್ ಕೂಡ ಇಲ್ಲ. ಕೇಳಿದಾಗ, "ದುಡ್ಡು ಕೊಟ್ಟಿದ್ದೀವಲ್ಲ" ಅಂದರು. ಇಂಥದ್ದು ನಮ್ಮಲ್ಲಿ ಬಹಳ ಜನರಿಗೆ ಆಗುತ್ತದೆ. ಕಾನೂನು ಏನು ಹೇಳುತ್ತದೆ ಅಂತ ಗೊತ್ತಿರಲಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಸಾಮಾನ್ಯವಾಗಿ ಬರೆದವರೇ ಮೊದಲ ಹಕ್ಕುದಾರರು. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ: ಹಣ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ ಇಂಥವಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರಾಗುತ್ತಾರೆ. "ಬೇರೆ ಒಪ್ಪಂದ ಇಲ್ಲದಿದ್ದರೆ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಒಂದು ಪುಟದ ಕಾಗದ ಬೇಕು. ಹಕ್ಕು ನನ್ನದು, ಇಂಥ ಪುಸ್ತಕಕ್ಕೆ, ಇಷ್ಟು ವರ್ಷಕ್ಕೆ ಬಳಸಲು ಕೊಟ್ಟಿದ್ದೇನೆ ಅಂತ ಅದರಲ್ಲಿ ಇರಲಿ.

19ನೇ ಸೆಕ್ಷನ್ ಇನ್ನೂ ಉಪಯೋಗದ್ದು. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಅವಧಿ ಬರೆದಿಲ್ಲ ಅಂದರೆ 5 ವರ್ಷ ಅಂತ ಲೆಕ್ಕ, ಪ್ರದೇಶ ಬರೆದಿಲ್ಲ ಅಂದರೆ ಭಾರತದೊಳಗೆ ಮಾತ್ರ. 57ನೇ ಸೆಕ್ಷನ್ ಪ್ರಕಾರ ಹಕ್ಕು ಮಾರಿದ ಮೇಲೂ ಈ ಚಿತ್ರ ಬರೆದದ್ದು ನಾನು ಅಂತ ಹೇಳಿಕೊಳ್ಳುವ ಅಧಿಕಾರ ನಿಮ್ಮ ಬಳಿಯೇ ಉಳಿಯುತ್ತದೆ. ಕೃತಿಸ್ವಾಮ್ಯ ಬರೆದವರ ಆಯುಷ್ಯ ಮುಗಿದ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಮಕ್ಕಳು ಮೊಮ್ಮಕ್ಕಳಿಗೆ ಸೇರಬೇಕಾದ ಆಸ್ತಿ ಅದು, ಸುಮ್ನೆ ಒಂದು ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ "ಓಕೆ ಸರ್" ಅಂತ ಬಿಟ್ಟುಕೊಡಬೇಡಿ.

ಅದೇ ಕಾಗದದಲ್ಲಿ ಅರ್ಧ ಹಣ ಮುಂಗಡ, ಕರಡಿನ ಹಂತದಲ್ಲಿ ಎಷ್ಟು ಸಲ ತಿದ್ದುಪಡಿ, ಕೆಲಸ ನಡುವೆ ನಿಲ್ಲಿಸಿದರೆ ಎಷ್ಟು ಕೊಡಬೇಕು, ಇದೆಲ್ಲ ಇರಲಿ. ಕರಡು ಒಪ್ಪಿಗೆ ಆದ ಮೇಲೆ ಬಣ್ಣ ಹಾಕಿ, ಬಣ್ಣ ಹಾಕಿದ ಮೇಲೆ "ಅಜ್ಜಿ ಬದಲು ಅಜ್ಜ ಮಾಡಿ" ಅಂದರೆ ಅದು ಹೊಸ ಕೆಲಸ. ಕೆಲವರು ಹಣ ಕೊಡುವಾಗ ಶೇಕಡಾ 10 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ. ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗಿರುತ್ತದೆ, ತೆರಿಗೆ ಅಷ್ಟು ಬರದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಎಷ್ಟೋ ಕಲಾವಿದರು ಇದನ್ನು ಕೇಳದೇ ಬಿಟ್ಟಿದ್ದಾರೆ.

ಬರೀ ಪುಸ್ತಕದಿಂದ ಮನೆ ನಡೆಯುತ್ತದಾ? ಮೊದಮೊದಲು ಇಲ್ಲ. ಶಾಲೆ ಗೋಡೆ, ಆಸ್ಪತ್ರೆ ಪೋಸ್ಟರ್, ಮದುವೆ ಕಾರ್ಡ್, ಬೀಜದ ಪ್ಯಾಕೆಟ್, ಎಲ್ಲ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಅವು ಕೀಳು ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಓದಲು ಬಾರದ ತಾಯಿಗೆ ಓಆರ್‌ಎಸ್ ಹೇಗೆ ಕಲಸಬೇಕು ಅಂತ ಚಿತ್ರದಲ್ಲಿ ಹೇಳುವುದಿದೆಯಲ್ಲ, ಒಂದು ಪ್ಯಾಕೆಟ್ ಪೂರಾ, ಒಂದು ಲೀಟರ್ ನೀರು, ಅದಕ್ಕಿಂತ ಜವಾಬ್ದಾರಿಯ ಕೆಲಸ ಇನ್ನೊಂದಿಲ್ಲ. ಅಲ್ಲಿ ಅವಳ ಮನೆಯಲ್ಲಿ ಇರುವ ಪಾತ್ರೆಯನ್ನೇ ಬರೆಯಬೇಕು. ಲ್ಯಾಬಿನ ಗೀರು ಹಾಕಿದ ಗಾಜಿನ ಜಾಡಿ ಬರೆದರೆ ಅವಳು ಒಂದು ಲೀಟರ್ ಹೇಗೆ ಅಳೆಯಬೇಕು?

ಕೊನೆಗೆ ಬಂದ ಪ್ರಶ್ನೆಗಳು.

"ಎಐ ಬಂದ ಮೇಲೆ ನಮಗೆ ಕೆಲಸ ಇರ್ತದಾ?" ಇದನ್ನು ಮೂರ್ನಾಲ್ಕು ಜನ ಕೇಳಿದರು. ಹೆದರಿಕೆ ಸಹಜ, ಕೆಲವು ಕೆಲಸ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹತ್ತು ನಿಮಿಷದಲ್ಲಿ ಯಾವುದೋ ಒಂದು ಚಿತ್ರ ಸಾಕು ಅನ್ನುವವರು ಇನ್ನು ನಮ್ಮ ಹತ್ತಿರ ಬರುವುದಿಲ್ಲ. ಆದರೆ ನಾನು ಕೂರಿಗೆ ಕೇಳಿ ನೋಡಿದೆ. ನೇಗಿಲು ಬಂತು, ಎತ್ತಿಗೆ ಹಗ್ಗ ಎಲ್ಲಿಂದಲೋ ಎಲ್ಲಿಗೋ ಹೋಗಿತ್ತು, ಹೆಂಗಸು ಓದುಗರ ಕಡೆ ತಿರುಗಿ ನಗುತ್ತಿದ್ದಳು. ನಾಳೆ ಅದೂ ಸುಧಾರಿಸಬಹುದು. ಆದರೂ ಇದು ಸರಿ, ಇದು ತಪ್ಪು ಅಂತ ಹೇಳುವವರು ಬೇಕಲ್ಲ? ನಮ್ಮ ಕಡೆಯ ಬದುಕಿನ ಚಿತ್ರ ಮೊದಲೇ ಕಡಿಮೆ. ನಾವು ಬರೆದು ತುಂಬಿಸದಿದ್ದರೆ ಆ ಯಂತ್ರಕ್ಕೂ ನಮ್ಮ ಮಾಳಿಗೆ ಯಾವತ್ತೂ ಗೊತ್ತಾಗುವುದಿಲ್ಲ.

"ಬೆಂಗಳೂರಿಗೆ ಹೋಗಲೇಬೇಕಾ?" ಒಮ್ಮೆ ಹೋಗಿ ಬನ್ನಿ, ಪ್ರಕಾಶಕರನ್ನು ನೋಡಿ, ಚಿತ್ರಸಂತೆ ನೋಡಿ. ಅಲ್ಲೇ ಇರಬೇಕು ಅಂತಿಲ್ಲ. ಫೈಲ್ ಕಳಿಸಲು ರಾಯಚೂರಿನ ಇಂಟರ್ನೆಟ್ ಸಾಕು. ಬಾಡಿಗೆ ಕಡಿಮೆ ಇರುವ ಊರಲ್ಲಿದ್ದರೆ ಬೇಡದ ಕೆಲಸಕ್ಕೆ ಬೇಡ ಅನ್ನುವ ಧೈರ್ಯ ಬರುತ್ತದೆ.

"ನನ್ನದೇ ಶೈಲಿ ಹುಡುಕೋದು ಹೆಂಗೆ?" ಅಂತ ಒಬ್ಬಳು ಕೇಳಿದಳು. ಹುಡುಕಬೇಡಮ್ಮ ಅಂದೆ. ನಿಮ್ಮ ಅವ್ವ ರೊಟ್ಟಿ ಬಡಿಯುವುದನ್ನು ಒಂದು ವಾರ ಬರಿ. ಅಂಗೈ ಯಾವಾಗ ಚಪ್ಪಟೆ, ಯಾವಾಗ ಬಾಗುತ್ತದೆ, ಹಿಟ್ಟು ಹೇಗೆ ತಿರುಗುತ್ತದೆ, ಬಳೆ ಎಲ್ಲಿ ನಿಲ್ಲುತ್ತದೆ ನೋಡು. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅಂತ ನೀನು ತೀರ್ಮಾನ ಮಾಡುತ್ತೀಯಲ್ಲ, ಜನ ಅದನ್ನೇ ಆಮೇಲೆ ಶೈಲಿ ಅನ್ನುತ್ತಾರೆ.

"ಮೊದಲ ಕೆಲಸ ಸಿಗೋದು ಹೆಂಗೆ, ಯಾರಿಗೆ ಏನು ಕಳಿಸಬೇಕು?" ಮೊದಲು ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣ ತೆರೆದು ನೋಡಿ. 2015ರಿಂದ ಇದೆ, ಕನ್ನಡದಲ್ಲೂ ಪುಸ್ತಕಗಳಿವೆ, ಎಲ್ಲ ಉಚಿತ. ನಿಮಗೆ ಇಷ್ಟವಾದ ಪುಸ್ತಕದ ಪಠ್ಯ ಮಾತ್ರ ಇಟ್ಟುಕೊಂಡು, ಚಿತ್ರ ನೋಡದೆ ನೀವೇ ಮೂರು ಪುಟ ಬರೆಯಿರಿ, ಆಮೇಲೆ ಅವರದ್ದರ ಪಕ್ಕ ಇಟ್ಟು ನೋಡಿ. ಇದಕ್ಕಿಂತ ಒಳ್ಳೇ ಅಭ್ಯಾಸ ನನಗೆ ಗೊತ್ತಿಲ್ಲ. ಕಳಿಸುವಾಗ ಎಂಟು ಹತ್ತು ಚಿತ್ರ ಸಾಕು. ದೇವರ ಚಿತ್ರ, ಸಿನಿಮಾ ನಟರ ಭಾವಚಿತ್ರ ಬೇಡ. ಒಂದೇ ಮಗು ನಾಲ್ಕು ಬೇರೆ ಬೇರೆ ಪುಟದಲ್ಲಿ, ಅಳುವಾಗ, ಓಡುವಾಗ, ಮಲಗಿದಾಗ, ಬೆನ್ನು ತಿರುಗಿಸಿ ನಿಂತಾಗಲೂ ಅದೇ ಮಗು ಅಂತ ಗೊತ್ತಾಗುವ ಹಾಗೆ ಇರಲಿ, ಏಕೆಂದರೆ ಸಂಪಾದಕರು ಮೊದಲು ನೋಡುವುದೇ ಅದನ್ನು. ಎರಡು ಪುಟಕ್ಕೆ ಹರಡಿದ ಒಂದು ದೊಡ್ಡ ಚಿತ್ರ ಇರಲಿ, ಅದರಲ್ಲಿ ಅಕ್ಷರಕ್ಕೆ ಜಾಗ ಬಿಟ್ಟಿರಲಿ. ನಿಮ್ಮ ಊರಿನ ಸಂತೆಯೋ, ಬಸ್ ಸ್ಟ್ಯಾಂಡೋ, ಹೊಲವೋ ಒಂದಾದರೂ ಇರಲಿ. ಎಲ್ಲ ಸೇರಿಸಿ ಒಂದು ಸಣ್ಣ ಪಿಡಿಎಫ್ ಮಾಡಿ, ಮೊದಲ ಪುಟದಲ್ಲೇ ಹೆಸರು, ಊರು, ಫೋನ್ ನಂಬರ್ ಹಾಕಿ, ಫೈಲಿಗೂ ನಿಮ್ಮ ಹೆಸರನ್ನೇ ಇಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಹೊಸ ಚಿತ್ರ ಒಂದನ್ನು ಸೇರಿಸಿ ಮತ್ತೆ ಕಳಿಸಿ. ಇವತ್ತು ಇಲ್ಲಿ ಸ್ಕೆಚ್ ಪುಸ್ತಕ ತಂದವರು ಹೋಗುವ ಮುಂಚೆ ನನಗೆ ತೋರಿಸಿ, ನಾನು ಸಂಜೆವರೆಗೂ ಇಲ್ಲೇ ಇರುತ್ತೇನೆ.